ಕಾದಂಬರಿ ಓದಬೇಕಾ, ಡಿಕ್ಷನರಿ ಓದಬೇಕಾ?

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವಳು. ಹತ್ತನೇ ತನಕ ಓದಿದ್ದು ಕನ್ನಡ ಮೀಡಿಯಂ. ಈಗ ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಮಾಡುತ್ತಿದ್ದೇನೆ, ಇಂಗ್ಲಿಷ್ ಆಪ್ಶನಲ್ ತಗೊಂಡಿದ್ದೇನೆ. ನಮಗೆ ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿ ಇದೆ. ಒಂದೊಂದು ಪುಟದಲ್ಲಿ ಮೂವತ್ತು ನಲವತ್ತು ಶಬ್ದ ಗೊತ್ತಾಗುವುದಿಲ್ಲ. ಎಲ್ಲದರ ಮೇಲೂ ಪೆನ್ಸಿಲ್‌ನಿಂದ ಕನ್ನಡ ಅರ್ಥ ಬರೆದುಕೊಳ್ಳುತ್ತೇನೆ. ಪುಟ ಮುಗಿಯುವಷ್ಟರಲ್ಲಿ ಕಥೆ ಏನಿತ್ತು ಅನ್ನೋದೇ ಮರೆತಿರುತ್ತದೆ. ತಿಂಗಳಾಯ್ತು, ಇನ್ನೂ ಎಂಟನೇ ಅಧ್ಯಾಯದಲ್ಲೇ ಇದ್ದೇನೆ. ಶನಿವಾರ ಶನಿವಾರ ಶಬ್ದಗಳ ಟೆಸ್ಟ್ ಬೇರೆ. ಕ್ಲಾಸ್‌ನಲ್ಲಿ ಎದ್ದು ನಿಂತು ಓದಲು ಹೇಳಿದರೆ ಇಂಗ್ಲಿಷ್ ಮೀಡಿಯಂನವರು ನಗುತ್ತಾರೆ. ಗೈಡ್ ಓದಿ ಪಾಸಾಗಿಬಿಡಲಾ? ಇಲ್ಲಾ ವಿಷಯವನ್ನೇ ಬದಲಿಸಲಾ?

ಉತ್ತರ: ತಂಗಿ, ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಷಯ ಬದಲಿಸಬೇಡ. ಗೈಡನ್ನು ಸದ್ಯಕ್ಕೆ ಮುಟ್ಟಬೇಡ.

ನೀನು ಓದುತ್ತಿರುವ ರೀತಿ ನಮ್ಮ ಸಾಲಿಯಲ್ಲಿ ಎಲ್ಲರಿಗೂ ಕಲಿಸಿದ್ದೇ. ಪಾಠ ಅಂದರೆ ಮೊದಲು ಬೋರ್ಡಿನ ಮೇಲೆ ಕಠಿಣ ಶಬ್ದಗಳ ಪಟ್ಟಿ, ಅದರ ಮುಂದೆ ಕನ್ನಡ ಅರ್ಥ, ಆಮೇಲೆ ಓದು. ಎರಡು ಪುಟದ ಪಾಠಕ್ಕೆ ಇದು ನಡೆಯುತ್ತದೆ. ಐನೂರು ಪುಟದ ಕಾದಂಬರಿಗೆ ನಡೆಯುವುದಿಲ್ಲ. ನೀನೇ ಲೆಕ್ಕ ಹಾಕು. ಪುಟಕ್ಕೆ 40 ಶಬ್ದ, ಒಂದು ಶಬ್ದ ಹುಡುಕಿ ಬರೆಯಲು ಒಂದು ನಿಮಿಷ, ಅಂದರೆ ಒಂದು ಪುಟಕ್ಕೆ 40 ನಿಮಿಷ, ಐನೂರು ಪುಟಕ್ಕೆ ಮುನ್ನೂರು ತಾಸಿಗೂ ಮೇಲೆ, ಅದೂ ಬರೀ ಹುಡುಕುವುದಕ್ಕೆ. ಈ ಕಾದಂಬರಿಯಲ್ಲಿ ಸುಮಾರು 1,80,000 ಶಬ್ದಗಳಿವೆ. ನಿಮಿಷಕ್ಕೆ ನೂರು ಶಬ್ದದಂತೆ ನಿಧಾನವಾಗಿ ಓದಿದರೂ 30 ತಾಸಿಗೆ ಮುಗಿಯುತ್ತದೆ. ದಿನಕ್ಕೆ ಒಂದು ತಾಸು ಕೊಟ್ಟರೆ ಒಂದು ತಿಂಗಳು. ನೀನು ಈಗಾಗಲೇ ಆ ಒಂದು ತಿಂಗಳನ್ನು ಕೊಟ್ಟಿದ್ದೀಯ, ಆದರೆ ಅದು ಡಿಕನ್ಸ್‌ಗೆ ಹೋಗಿಲ್ಲ, ಡಿಕ್ಷನರಿಗೆ ಹೋಗಿದೆ.

ಇನ್ನೊಂದು ಸಂಗತಿ. ನೀನು ಎಂಟನೇ ಅಧ್ಯಾಯದಲ್ಲಿ ನಿಂತಿದ್ದೀಯ ಅಂತ ಓದಿ ನನಗೆ ಸುಮ್ನೆ ಇರಲಾಗಲಿಲ್ಲ. ಯಾಕೆಂದರೆ ನಿನ್ನ ಪತ್ರದಲ್ಲಿ ಇರುವುದೇ ಆ ಅಧ್ಯಾಯದಲ್ಲೂ ಇದೆ. ಪೆನ್ಸಿಲ್ ಗುರುತುಗಳ ನಡುವೆ ಅದು ನಿನ್ನ ಕಣ್ಣಿಗೆ ಬಿದ್ದಿಲ್ಲ ಅನ್ನಿಸುತ್ತದೆ.

ಪಿಪ್ ಕಂಬಾರನ ಮನೆಯ ಹುಡುಗ. ಅಪ್ಪ ಅವ್ವ ಇಲ್ಲ, ಅಕ್ಕನ ಮನೆಯಲ್ಲಿ ಬೆಳೆಯುತ್ತಾನೆ. ಅಕ್ಕನ ಗಂಡ ಜೋ, ಕುಲುಮೆಯಲ್ಲಿ ಕಬ್ಬಿಣ ಬಡಿಯುವ ಒಳ್ಳೆಯ ಮನುಷ್ಯ. ಈ ಹುಡುಗನನ್ನು ಮೊದಲ ಸಲ ಮಿಸ್ ಹ್ಯಾವಿಶಮ್‌ಳ ದೊಡ್ಡ ಮನೆಗೆ ಕಳಿಸುತ್ತಾರೆ. ಅಲ್ಲಿ ಗಡಿಯಾರಗಳೆಲ್ಲ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ನಿಂತುಬಿಟ್ಟಿವೆ, ಆಕೆ ಹಳದಿಗಟ್ಟಿದ ಮದುವೆಯ ಬಟ್ಟೆಯಲ್ಲಿ ಒಂದೇ ಕಾಲಿಗೆ ಶೂ ಹಾಕಿ ಕೂತಿದ್ದಾಳೆ. ಎಸ್ಟೆಲ್ಲಾ ಅನ್ನುವ ಹುಡುಗಿಯ ಜೊತೆ ಇಸ್ಪೀಟ್ ಆಡು ಅನ್ನುತ್ತಾಳೆ. ಆಡುವಾಗ ಪಿಪ್ ಗುಲಾಮನ ಎಲೆಗೆ ‘ಜ್ಯಾಕ್’ ಅನ್ನುತ್ತಾನೆ. ಅವನ ಊರಲ್ಲಿ ಹಾಗೇ ಅನ್ನುವುದು. ದೊಡ್ಡ ಮನೆಯವರು ಅದಕ್ಕೆ ‘ನೇವ್’ ಅನ್ನುತ್ತಾರೆ. ಎಸ್ಟೆಲ್ಲಾ ಆಟ ಮುಗಿಯುವುದಕ್ಕೂ ಬಿಡದೆ ಮೂದಲಿಸುತ್ತಾಳೆ, ಈ ಹುಡುಗ ನೇವ್‌ಗೆ ಜ್ಯಾಕ್ ಅಂತಾನೆ ನೋಡು, ಇವನ ಕೈ ಎಷ್ಟು ಒರಟು, ಬೂಟು ಎಷ್ಟು ದಪ್ಪ ಅಂತ. ಅಲ್ಲಿಯ ತನಕ ತನ್ನ ಕೈಗಳ ಬಗ್ಗೆ ಪಿಪ್ ಯಾವತ್ತೂ ನಾಚಿಕೊಂಡಿರಲಿಲ್ಲ. ಹೊರಗೆ ಅಂಗಳಕ್ಕೆ ಬಂದು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಳುತ್ತಾನೆ, ಗೋಡೆಗೆ ಒದೆಯುತ್ತಾನೆ, ತನ್ನ ಕೂದಲನ್ನೇ ಹಿಡಿದು ಜಗ್ಗುತ್ತಾನೆ. ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಒಂದು ಶಬ್ದಕ್ಕೆ ಆ ಹುಡುಗ ತನ್ನ ಮನೆ, ತನ್ನ ಜನ, ತನ್ನ ಕೈಕಾಲು ಎಲ್ಲವನ್ನೂ ಕೀಳಾಗಿ ಕಾಣಲು ಶುರು ಮಾಡುತ್ತಾನೆ, ಮತ್ತು ಮುಂದಿನ ನಾನೂರು ಪುಟಗಳ ಕಥೆಯೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಡಿಕನ್ಸ್‌ಗೆ ಈ ನಾಚಿಕೆ ಗೊತ್ತಿತ್ತು. 1824ರಲ್ಲಿ ಅವನಿಗೆ 12 ವರ್ಷ. ಅಪ್ಪ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಶಲ್ಸೀ ಜೈಲಿನಲ್ಲಿದ್ದ. ಮಗ ಬೂಟ್ ಪಾಲಿಶ್ ತಯಾರಿಸುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದ. ದೊಡ್ಡ ಲೇಖಕನಾದ ಮೇಲೂ ಆ ದಿನಗಳ ಮಾತನ್ನು ಅವನು ಊರ ಮುಂದೆ ಎತ್ತಲಿಲ್ಲ.

ಹಾಗಾಗಿ ಇವತ್ತು ರಾತ್ರಿ ಒಂದು ಕೆಲಸ ಮಾಡು. ಪೆನ್ಸಿಲ್ ಇಟ್ಟುಬಿಡು. ಎಂಟನೇ ಅಧ್ಯಾಯವನ್ನು ಮತ್ತೆ ಶುರುವಿನಿಂದ ಓದು, ಎಲ್ಲೂ ನಿಲ್ಲದೆ. ತಿಳಿಯದ ಶಬ್ದ ಬಂದರೆ ದಾಟಿ ಹೋಗು. ಆಮೇಲೆ ಒಂಬತ್ತನೆಯದನ್ನೂ ಹಾಗೇ ಓದು. ಅದರಲ್ಲಿ ಪಿಪ್ ಮನೆಗೆ ಬಂದು ಅಕ್ಕನಿಗೆ ಸುಳ್ಳಿನ ಮೇಲೆ ಸುಳ್ಳು ಹೇಳುತ್ತಾನೆ, ಆ ಮನೆಯೊಳಗೆ ಕಪ್ಪು ಮಖಮಲ್ಲಿನ ಸಾರೋಟು ಇತ್ತು, ನಾಲ್ಕು ದೊಡ್ಡ ನಾಯಿಗಳು ಬೆಳ್ಳಿ ಬುಟ್ಟಿಯಲ್ಲಿದ್ದ ಮಾಂಸಕ್ಕೆ ಕಚ್ಚಾಡುತ್ತಿದ್ದವು ಅಂತೆಲ್ಲ. ನಿನಗೆ ನಗು ಬರದಿದ್ದರೆ ಹೇಳು. ಅದೇ ಅಧ್ಯಾಯದ ಕೊನೆಗೆ ಪಿಪ್ ಜೋ ಹತ್ತಿರ ನಿಜ ಒಪ್ಪಿಕೊಳ್ಳುತ್ತಾನೆ, ನಾನು ಸಾಮಾನ್ಯದವನು ಅಂತ ಅಲ್ಲಿ ಅಂದರು, ಅದಕ್ಕೇ ಸುಳ್ಳು ಹೇಳಿದೆ ಅಂತ. ಆಗ ಓದು ಬರಹ ಬಾರದ ಜೋ ಏನು ಹೇಳುತ್ತಾನೆ ಗೊತ್ತಾ? ಸಿಂಹಾಸನದ ಮೇಲೆ ಕೂತ ರಾಜ ಕೂಡ ಚಿಕ್ಕವನಿದ್ದಾಗ ಎ ಅಕ್ಷರದಿಂದಲೇ ಶುರು ಮಾಡಿ ಜಡ್ ತನಕ ಬಂದಿರಬೇಕಲ್ಲ ಅಂತ. ಮೊದಲು ಸಾಮಾನ್ಯ ಓದುಗನಾಗದೆ ಅಸಾಮಾನ್ಯ ಓದುಗನಾಗಲು ಬರುವುದಿಲ್ಲ ಅಂತ. ನಿನ್ನ ಕ್ಲಾಸಿನಲ್ಲಿ ನಗುವವರ ಬಗ್ಗೆ ನಾನು ಹೇಳಬೇಕಾದ್ದನ್ನು ಜೋ ನನಗಿಂತ ಚೆನ್ನಾಗಿ ಹೇಳಿದ್ದಾನೆ, ಅವನ ಬಾಯಿಂದಲೇ ಕೇಳು.

ಈಗ ಶಬ್ದಗಳ ವಿಷಯಕ್ಕೆ ಬರೋಣ. ನಿನಗೆ ಗಾಬರಿ ಆಗಿರುವುದು ಅಲ್ಲೇ, ಅಲ್ವಾ?

ಯಾವ ದೊಡ್ಡ ಪುಸ್ತಕ ತಗೊಂಡರೂ, ಅದರಲ್ಲಿ ಬಳಸಿದ ಬೇರೆ ಬೇರೆ ಶಬ್ದಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಒಂದೇ ಒಂದು ಸಲ ಬರುತ್ತವೆ. ಇದು ಎಲ್ಲ ಭಾಷೆಗಳಿಗೂ ಹೊಂದುತ್ತದೆ, ಕನ್ನಡಕ್ಕೂ. ಅಂದರೆ ನೀನು ಕಷ್ಟಪಟ್ಟು ಅರ್ಥ ಬರೆದುಕೊಂಡ ಎಷ್ಟೋ ಶಬ್ದಗಳು ಈ ಕಾದಂಬರಿಯಲ್ಲಿ ಮತ್ತೆ ನಿನ್ನ ಮುಂದೆ ಬರುವುದೇ ಇಲ್ಲ. ಉಳಿದವು ಮಾತ್ರ ಹತ್ತು ಸಲ, ನೂರು ಸಲ ಬರುತ್ತವೆ, ಅವು ನಿನ್ನವಾದರೆ ಸಾಕು.

ನ್ಯೂಜಿಲೆಂಡ್‌ನ ಪಾಲ್ ನೇಷನ್ ಅನ್ನುವ ಭಾಷಾ ತಜ್ಞರು ಶಬ್ದ ಕಲಿಕೆಯ ಮೇಲೆ ಜೀವಮಾನವಿಡೀ ಕೆಲಸ ಮಾಡಿದವರು. ಅವರ ಲೆಕ್ಕದಲ್ಲಿ, ಯಾರ ಸಹಾಯವೂ ಇಲ್ಲದೆ ಕಾದಂಬರಿಯನ್ನು ಆರಾಮಾಗಿ ಓದಲು ಪುಟದ ನೂರು ಶಬ್ದಗಳಲ್ಲಿ 98 ಗೊತ್ತಿರಬೇಕು. ಅದಕ್ಕೆ ಎಂಟರಿಂದ ಒಂಬತ್ತು ಸಾವಿರ ಶಬ್ದ ಕುಟುಂಬಗಳ ಪರಿಚಯ ಬೇಕು. ಶಬ್ದ ಕುಟುಂಬ ಅಂದರೆ ಒಂದು ಮೂಲ ಶಬ್ದ ಮತ್ತು ಅದರಿಂದ ಹುಟ್ಟಿದ ಉಳಿದ ರೂಪಗಳು. ನಿನ್ನ ಪುಟದಲ್ಲಿ ಸುಮಾರು 350 ಶಬ್ದ ಇದ್ದು 40 ಗೊತ್ತಿಲ್ಲ ಅಂದರೆ ನೀನು 88ರ ಹತ್ತಿರ ಇದ್ದೀಯ. ಇದು ಹೆದರುವ ಸಂಖ್ಯೆ ಅಲ್ಲ. ನೂರರಲ್ಲಿ 88 ಗೊತ್ತಿರುವವಳಿಗೆ ಕಥೆ ಸಿಗುತ್ತದೆ, ಸ್ವಲ್ಪ ಊರುಗೋಲು ಬೇಕು ಅಷ್ಟೆ.

ಮೊದಲ ಊರುಗೋಲು, ಸಂಕ್ಷಿಪ್ತ ಆವೃತ್ತಿ. ಸರಳ ಇಂಗ್ಲಿಷ್‌ನಲ್ಲಿ ನೂರು ನೂರೈವತ್ತು ಪುಟಕ್ಕೆ ಇಳಿಸಿದ ಪುಸ್ತಕಗಳು ಸಿಗುತ್ತವೆ. ಧಾರವಾಡದ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡು. ಇದನ್ನು ಓದುವುದು ಅವಮಾನ ಅಂತ ಕೆಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಈ ಬಗೆಯ ಸರಳ ಪುಸ್ತಕಗಳ ಹಿಂದೆ ದೊಡ್ಡ ಕೆಲಸ ಇದೆ. ಮೈಕೆಲ್ ವೆಸ್ಟ್ ಅನ್ನುವವರು ಢಾಕಾದಲ್ಲಿ ಬಂಗಾಳಿ ಮಕ್ಕಳು ಇಂಗ್ಲಿಷ್ ಪುಸ್ತಕದ ಮುಂದೆ ಒದ್ದಾಡುವುದನ್ನು ನೋಡಿ, ಯಾವ ಶಬ್ದ ಮೊದಲು ಕಲಿಸಬೇಕು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 1953ರಲ್ಲಿ ಸುಮಾರು 2,000 ಶಬ್ದಗಳ ಒಂದು ಪಟ್ಟಿಯನ್ನೇ ಹೊರತಂದರು. ನಿನ್ನಂಥ ಓದುಗರಿಗಾಗಿಯೇ ಹುಟ್ಟಿದ ದಾರಿ ಅದು. ಆದರೆ ಒಂದು ಎಚ್ಚರಿಕೆ. ಸಂಕ್ಷಿಪ್ತ ಪುಸ್ತಕದಲ್ಲಿ ಒಂದು ಭಾಗ ಓದು, ತಕ್ಷಣ ಮೂಲದಲ್ಲಿ ಅದೇ ಭಾಗ ಓದು, ಆಮೇಲೆ ಮುಂದಿನದು. ಸಂಕ್ಷಿಪ್ತವನ್ನು ಪೂರ್ತಿ ಓದಿ ಮುಗಿಸಿದರೆ ಮೂಲ ಓದುವ ಆಸೆಯೇ ಸತ್ತುಹೋಗುತ್ತದೆ.

ಗೈಡ್ ಬೇಡ ಅಂದಿದ್ದೂ ಇದೇ ಕಾರಣಕ್ಕೆ. ಈ ಕಾದಂಬರಿಯ ಬೆನ್ನೆಲುಬಿನಲ್ಲಿ ಒಂದು ಗುಟ್ಟಿದೆ. 18ನೇ ಅಧ್ಯಾಯದಲ್ಲಿ ಪಿಪ್‌ಗೆ ದೊಡ್ಡ ಆಸ್ತಿ ಬರಲಿದೆ ಅಂತ ಲಂಡನ್ನಿನ ವಕೀಲ ಬಂದು ಹೇಳುತ್ತಾನೆ, ಕೊಡುವವರು ಯಾರು ಅಂತ ಹೇಳುವುದಿಲ್ಲ. ಅದು ತಿಳಿಯುವುದು 39ನೇ ಅಧ್ಯಾಯದಲ್ಲಿ, ಗಾಳಿ ಮಳೆಯ ಒಂದು ರಾತ್ರಿ. ಆ ಅಧ್ಯಾಯವನ್ನು ಗುಟ್ಟು ಗೊತ್ತಿಲ್ಲದೆ ಓದುವ ಅವಕಾಶ ಒಂದು ಜೀವಕ್ಕೆ ಒಂದೇ ಸಲ. ಗೈಡ್ ಅದನ್ನು ಮೊದಲ ಪುಟದ ಸಾರಾಂಶದಲ್ಲೇ ಹೇಳಿಬಿಡುತ್ತದೆ. ರೂಮ್‌ಮೇಟ್‌ಗೆ ಗೊತ್ತಿದ್ದರೆ ಅವಳ ಬಾಯಿ ಮುಚ್ಚಿಸು. 39 ದಾಟಿದ ಮೇಲೆ ಗೈಡ್ ಬೇಕಾದರೆ ಓದು, ಪರೀಕ್ಷೆಯ ಉತ್ತರ ಹೇಗೆ ಜೋಡಿಸಬೇಕು ಅಂತ ನೋಡಲು ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ಶಬ್ದಗಳನ್ನು ಹೇಗೆ ಆರಿಸುವುದು ಅನ್ನೋದು. ಮೊದಲ ಅಧ್ಯಾಯವನ್ನೇ ತೆಗೆದುಕೋ. ಸಂಜೆ ಹೊತ್ತು, ಜವುಗು ನೆಲದ ಪಕ್ಕದ ಸ್ಮಶಾನ, ಪಿಪ್ ಅಪ್ಪ ಅವ್ವನ ಗೋರಿಯ ಮುಂದೆ ನಿಂತಿದ್ದಾನೆ, ಪಕ್ಕದಲ್ಲಿ ಚಿಕ್ಕಂದಿನಲ್ಲೇ ಸತ್ತುಹೋದ ಐದು ಅಣ್ಣತಮ್ಮಂದಿರ ಪುಟ್ಟ ಪುಟ್ಟ ಕಲ್ಲುಗಳು. ಗೋರಿಗಳ ನಡುವಿನಿಂದ ಒಬ್ಬ ಕೈದಿ ಎದ್ದು ಬಂದು ಹುಡುಗನನ್ನು ಹಿಡಿಯುತ್ತಾನೆ. ಅವನು ಹೇಗಿದ್ದ ಅಂತ ಡಿಕನ್ಸ್ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ಸೋಕ್ಡ್, ಸ್ಮದರ್ಡ್, ಲೇಮ್ಡ್, ಕಟ್, ಸ್ಟಂಗ್, ಟೋರ್ನ್. ಆರು ಕ್ರಿಯೆಗಳು, ಒಂದೊಂದಕ್ಕೂ ಒಂದೊಂದು ಕಾರಣ ಪಕ್ಕದಲ್ಲೇ ಇದೆ. ನೀರು, ಕೆಸರು, ಕಲ್ಲು, ಚೂಪು ಕಲ್ಲು, ತುರಿಚಿ ಗಿಡ, ಮುಳ್ಳು. ಇದರಲ್ಲಿ ‘ಕಟ್’ ನಿನಗೆ ಗೊತ್ತು. ವಾಟರ್, ಮಡ್, ಸ್ಟೋನ್ ಗೊತ್ತು. ನೀರು ಸೇರಿದ್ದು ಸೋಕ್ಡ್ ಆದರೆ ಅದು ತೊಯ್ದದ್ದೇ ಇರಬೇಕು, ಕೆಸರು ಸೇರಿದ್ದು ಸ್ಮದರ್ಡ್ ಆದರೆ ಮೈತುಂಬ ಮೆತ್ತಿಕೊಂಡದ್ದೇ ಇರಬೇಕು. ತುರಿಚಿಯ ಹೆಸರು ಇಂಗ್ಲಿಷ್‌ನಲ್ಲಿ ‘ನೆಟಲ್’ ಅಂತ ತಿಳಿಯದಿದ್ದರೂ ಅವನ ಮೈಗೆ ಏನೋ ಚುಚ್ಚಿದೆ, ಏನೋ ಹರಿದಿದೆ ಅನ್ನೋದು ಆ ಸಾಲಿನ ಓಟದಲ್ಲೇ ಗೊತ್ತಾಗುತ್ತದೆ. ಅದರ ಹಿಂದೆಯೇ ಇನ್ನೂ ನಾಲ್ಕು: ಲಿಂಪ್ಡ್, ಶಿವರ್ಡ್, ಗ್ಲೇರ್ಡ್, ಗ್ರೌಲ್ಡ್. ಕುಂಟಿದ, ಗಡಗಡ ನಡುಗಿದ, ದುರುಗುಟ್ಟಿದ, ಗುರುಗುಟ್ಟಿದ. ಚಳಿಯಲ್ಲಿ, ಹಸಿವಿನಲ್ಲಿ, ಕಾಲಿಗೆ ಕಬ್ಬಿಣದ ಬೇಡಿ ಇರುವವನು ಇನ್ನೇನು ಮಾಡುತ್ತಾನೆ?

ಈ ಹತ್ತರಲ್ಲಿ ನಿನ್ನ ನೋಟ್‌ಬುಕ್‌ಗೆ ಯಾವುದು ಹೋಗಬೇಕು? ನಾನು ಶಿವರ್, ಗ್ಲೇರ್, ಲಿಂಪ್, ಈ ಮೂರನ್ನು ಆರಿಸುತ್ತೇನೆ. ಇವು ಬೇರೆ ಕಥೆಗಳಲ್ಲಿ, ಪೇಪರಿನಲ್ಲಿ, ಮಾತಿನಲ್ಲಿ ಮತ್ತೆ ಮತ್ತೆ ಸಿಗುತ್ತವೆ, ನೀನೂ ಬಳಸಬಹುದು. ಬ್ರಯರ್, ಫ್ಲಿಂಟ್ ಇವನ್ನು ಬಿಟ್ಟುಬಿಡು. ಅವು ಆ ನಾಡಿನ ಮುಳ್ಳು, ಆ ನಾಡಿನ ಕಲ್ಲು. ಮುಳ್ಳು ಅಂತ ತಿಳಿದರೆ ಮುಗಿಯಿತು, ಯಾವ ಜಾತಿಯ ಮುಳ್ಳು ಅನ್ನೋದು ನಿನಗೆ ಬೇಡ.

ಇನ್ನು ಕೆಲವು ಶಬ್ದ ಯಾವ ಸಣ್ಣ ಡಿಕ್ಷನರಿಯಲ್ಲೂ ಸಿಗುವುದಿಲ್ಲ, ಅದಕ್ಕೆ ನೀನು ಹುಡುಕಿ ಹುಡುಕಿ ಬೇಜಾರಾಗಿರಬೇಕು. ಕೈದಿ ಪಿಪ್‌ಗೆ ಒಂದು ಅರ ಮತ್ತು ‘ವಿಟಲ್ಸ್’ ತಂದುಕೊಡು ಅನ್ನುತ್ತಾನೆ. ಅರ ಅಂದರೆ ಬೇಡಿ ಕೊಯ್ಯಲಿಕ್ಕೆ, ಕಂಬಾರನ ಮನೆಯಲ್ಲಿ ಇದ್ದೇ ಇರುತ್ತದೆ. ವಿಟಲ್ಸ್ ಅಂದರೆ ತಿನ್ನುವ ಪದಾರ್ಥ, ಕೂಳು. ಪುಸ್ತಕದ ಇಂಗ್ಲಿಷ್‌ನಲ್ಲಿ ಅದಕ್ಕೆ ವಿ ಅಕ್ಷರದ ಕಾಗುಣಿತ ಇದೆ, ಆದರೆ ಕೈದಿ ವಿ ಇರುವಲ್ಲಿ ಡಬ್ಲ್ಯು ಉಚ್ಚರಿಸುವ ಬಡವರ ಮಾತಿನವನು, ಡಿಕನ್ಸ್ ಅವನ ಬಾಯಿಗೆ ಹೇಗೆ ಬಂತೋ ಹಾಗೇ ಬರೆದಿದ್ದಾನೆ. ಜೋ ಮಾತೂ ಅಷ್ಟೆ. ಅಲ್ಲಿ ವ್ಯಾಕರಣ ಇಲ್ಲ, ಕಾಗುಣಿತ ಸರಿ ಇಲ್ಲ, ಆದರೆ ಇಡೀ ಪುಸ್ತಕದಲ್ಲಿ ಅವನಷ್ಟು ಚೆಂದ ಮಾತಾಡುವವರು ಯಾರೂ ಇಲ್ಲ. ನಿನಗೆ ಇದು ತಿಳಿಯಲು ಡಿಕ್ಷನರಿಗಿಂತ ರೋಣದ ಕಿವಿ ಜಾಸ್ತಿ ಸಹಾಯ ಮಾಡುತ್ತದೆ. ಜೋ ಮಾತನ್ನು ನಮ್ಮ ಕಡೆಯ ಮಾತಿಗೆ ತಿರುಗಿಸಿ ನೋಡು. ‘ಏ ಪಿಪ್ಯಾ, ನಾವಿಬ್ರೂ ಖಾಸಾ ದೋಸ್ತ್ರು, ಹೌದಿಲ್ಲೋ?’ ಸ್ಮಶಾನದ ಕೈದಿಯನ್ನೂ ಹಾಗೇ ಮಾಡು. ‘ತಿನ್ನಾಕ ಏನರ ತಂದ್ಕೊಡು, ಇಲ್ಲಂದ್ರ ನಿನ್ನ ಗುಂಡಿಗಿ ಕಿತ್ತ ಸುಟ್ಕೊಂಡ ತಿಂತೇನಿ.’ ಒಮ್ಮೆ ಹೀಗೆ ಮಾಡಿದರೆ ಯಾರ ಮಾತು ಊರ ಮಾತು, ಯಾರದು ಪಟ್ಟಣದ ಮಾತು, ಯಾರು ಯಾರ ಮುಂದೆ ಮಾತು ಬದಲಿಸುತ್ತಾರೆ ಅನ್ನೋದು ಹೊಳೆಯುತ್ತದೆ. 27ನೇ ಅಧ್ಯಾಯದಲ್ಲಿ ಜೋ ಲಂಡನ್‌ಗೆ ಬಂದಾಗ, ತಾನೇ ಎತ್ತಿ ಆಡಿಸಿದ ಪಿಪ್‌ಗೆ ‘ಸರ್’ ಅನ್ನುತ್ತಾನೆ. ಆ ಒಂದು ‘ಸರ್’ ಯಾಕೆ ಅಷ್ಟು ನೋಯಿಸುತ್ತದೆ ಅನ್ನೋದು ಅರ್ಥಕೋಶದಿಂದ ತಿಳಿಯುವ ವಿಷಯವಲ್ಲ. ಹೊರಡುವಾಗ ಅವನು ಆಡುವ ಮಾತಿನಲ್ಲಿ ಕುಲುಮೆಯೇ ಇದೆ. ಬದುಕು ಅಂದರೆ ಅಗಲಿಕೆಗಳನ್ನು ಒಂದಕ್ಕೊಂದು ಬೆಸೆದಿದ್ದು, ಒಬ್ಬ ಕಂಬಾರ, ಒಬ್ಬ ಪತ್ತಾರ, ಒಬ್ಬ ಕಂಚುಗಾರ, ಅವರ ನಡುವೆ ಬೇರೆ ಬೇರೆ ಇರುವುದು ಇದ್ದದ್ದೇ ಅನ್ನುತ್ತಾನೆ. ನನಗೆ ಇದು ಇಂಗ್ಲಿಷ್ ಕಾದಂಬರಿಗಳ ಅತಿ ಒಳ್ಳೆಯ ಮಾತುಗಳಲ್ಲಿ ಒಂದು.

ಮೂರನೇ ಬಗೆಯ ಶಬ್ದಗಳು ಸ್ವಲ್ಪ ಮೋಸ ಮಾಡುತ್ತವೆ. ನೋಡಲು ಸುಲಭ, ಆದರೆ ಆ ಕಾಲದಲ್ಲಿ ಅರ್ಥ ಬೇರೆ. ಪುಸ್ತಕದ ಹೆಸರನ್ನೇ ನೋಡು. ಎಕ್ಸ್‌ಪೆಕ್ಟೇಷನ್ಸ್ ಅಂದರೆ ‘ನಿರೀಕ್ಷೆ’ ಅಂತ ನೀನು ಬರೆದುಕೊಂಡಿರುತ್ತೀಯ. ಆಗ ಅದಕ್ಕೆ ಮುಂದೆ ಕೈಗೆ ಬರಲಿರುವ ಆಸ್ತಿ ಅಂತಲೂ ಅರ್ಥ ಇತ್ತು, ವಕೀಲ ಹೇಳುವುದು ಅದನ್ನೇ. ‘ಹಲ್ಕ್ಸ್’ ಅಂದರೆ ಜೈಲಾಗಿ ಬಳಸುತ್ತಿದ್ದ ಹಳೆಯ ಹಡಗುಗಳು, ಇಂಗ್ಲೆಂಡಿನಲ್ಲಿ 1776ರಿಂದ 1857ರ ತನಕ ಇದ್ದವು. ಅಕ್ಕ ಪಿಪ್‌ನನ್ನು ‘ಕೈಯಿಂದ ಬೆಳೆಸಿದೆ’ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಅಲ್ಲಿ ಅದರ ಅರ್ಥ ತಾಯಿಹಾಲಿಲ್ಲದ ಕೂಸಿಗೆ ಚಮಚ, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದೆ ಅಂತ, ಹುಡುಗನಿಗೆ ಮಾತ್ರ ನೆನಪಾಗುವುದು ಬೆನ್ನಿಗೆ ಬೀಳುವ ಆ ಕೈ. ಇಂಥವಕ್ಕೆ ಪುಸ್ತಕದ ಕೊನೆಯಲ್ಲಿ ಟಿಪ್ಪಣಿ ಇರುವ ಪ್ರತಿ ತಗೊಂಡರೆ ಅರ್ಧ ಕೆಲಸ ಕಡಿಮೆ. ಲೈಬ್ರರಿಯಲ್ಲಿ ಅಂಥ ಪ್ರತಿ ಕೇಳು.

ಉದ್ದ ವಾಕ್ಯಗಳ ಬಗ್ಗೆ ನೀನು ಕೇಳಿಲ್ಲ, ಆದರೆ ಕಾಡುತ್ತಿರುತ್ತವೆ ಅಂತ ನನಗೆ ಗೊತ್ತು. ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ನಾವು ಕೊನೆಯ ತನಕ ಕಾದು ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷ್‌ನಲ್ಲಿ ಯಾರು, ಏನು ಮಾಡಿದ ಅನ್ನೋದು ಮುಂಚೆಯೇ ಮುಗಿದು, ಉಳಿದದ್ದು ಬಾಲದಂತೆ ಬೆಳೆಯುತ್ತದೆ. ಹಾಗಾಗಿ ಮೊದಲು ಕರ್ತೃ ಮತ್ತು ಕ್ರಿಯೆ ಹಿಡಿ. ಡಿಕನ್ಸ್ ಅಲ್ಪವಿರಾಮ, ಅರ್ಧವಿರಾಮಗಳನ್ನು ಧಾರಾಳವಾಗಿ ಇಟ್ಟಿದ್ದಾನೆ, ಅಲ್ಲಲ್ಲಿ ಉಸಿರು ತಗೊಂಡು ಓದು. ಗಟ್ಟಿಯಾಗಿ ಓದಿದರೆ ಇನ್ನೂ ಸುಲಭ. ಈ ಬರಹ ಕಿವಿಗಾಗಿಯೇ ಬರೆದದ್ದು. ಕಾದಂಬರಿ ಬಂದಿದ್ದು ಡಿಕನ್ಸ್‌ನದೇ ವಾರಪತ್ರಿಕೆಯಲ್ಲಿ, 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರ ತನಕ, 36 ಕಂತುಗಳಲ್ಲಿ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕೂತು ಕೇಳುವುದು ಆಗಿನ ವಾಡಿಕೆ. ಡಿಕನ್ಸ್ ತಾನೇ ಊರೂರಿಗೆ ಹೋಗಿ ವೇದಿಕೆಯ ಮೇಲೆ ತನ್ನ ಕಥೆಗಳನ್ನು ಓದುತ್ತಿದ್ದ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಕೇಳು, ಹುಬ್ಬಳ್ಳಿಯಿಂದ ಬರುತ್ತಿದ್ದ ಕರ್ಮವೀರದ ಧಾರಾವಾಹಿಗೆ ಜನ ಹೇಗೆ ಕಾಯುತ್ತಿದ್ದರು ಅಂತ. 59 ಅಧ್ಯಾಯ, 36 ವಾರ, ಅಂದರೆ ಆಗಿನ ಓದುಗರಿಗೆ ವಾರಕ್ಕೆ ಒಂದೋ ಎರಡೋ ಅಧ್ಯಾಯ ಸಿಗುತ್ತಿತ್ತು. ನೀನು ಒಂದು ಕೂತಕ್ಕೆ ಎರಡು ಅಧ್ಯಾಯ ಓದು. ಕಂತಿನ ಕೊನೆಗೆ ಅವನು ಏನೋ ಒಂದನ್ನು ತೂಗುಹಾಕಿರುತ್ತಾನೆ, ಅದು ನಿನ್ನನ್ನು ಮುಂದಕ್ಕೆ ಎಳೆಯುತ್ತದೆ.

ನೋಟ್‌ಬುಕ್ ಹೇಗಿರಬೇಕು? ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಅರ್ಥ, ಈ ಎರಡು ಕಾಲಮ್ ಬೇಡ. ಅದರಲ್ಲಿ ಬರೆದದ್ದು ಶನಿವಾರದ ತನಕ ಇರುತ್ತದೆ, ಸೋಮವಾರ ಇರುವುದಿಲ್ಲ. ಒಂದು ಅಧ್ಯಾಯಕ್ಕೆ ಎಂಟೋ ಹತ್ತೋ ಶಬ್ದ ಸಾಕು. ಒಂದೊಂದು ಶಬ್ದಕ್ಕೂ ಪುಸ್ತಕದ ಆ ಸಾಲನ್ನೇ ಇಳಿಸಿಕೋ, ಯಾರು ಯಾರಿಗೆ ಯಾವಾಗ ಹೇಳಿದ್ದು ಅಂತ ಪಕ್ಕದಲ್ಲಿ ಕನ್ನಡದಲ್ಲೇ ಬರೆ, ಕೆಳಗೆ ನಿನ್ನ ಊರಿನದೋ ಹಾಸ್ಟೆಲ್ಲಿನದೋ ಒಂದು ವಾಕ್ಯ ಇಂಗ್ಲಿಷ್‌ನಲ್ಲಿ ಮಾಡು. ಶಬ್ದ ಹಿಡಿಯುವುದು ಹೀಗೇ ಅನ್ನೋದಕ್ಕೆ ಧಾರವಾಡದಲ್ಲೇ ಸಾಕ್ಷಿ ಇದೆ. ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟೆಲ್, ಅವನ ಹೆಸರಿನ ಕಾಲೇಜು ನಿಮ್ಮ ಊರಲ್ಲೇ ಇದೆ ನೋಡು, ಕನ್ನಡವನ್ನು ಪರಭಾಷೆಯಾಗಿ ಕಲಿತವನು. 1894ರಲ್ಲಿ ಅವನ ಕನ್ನಡ–ಇಂಗ್ಲಿಷ್ ನಿಘಂಟು ಬಂತು. ಲೈಬ್ರರಿಯಲ್ಲಿ ಅದನ್ನು ತೆಗೆದು ಒಂದು ಪುಟ ನೋಡು. ಬರೀ ಅರ್ಥ ಕೊಟ್ಟು ಸುಮ್ಮನಾಗಿಲ್ಲ, ಆ ಶಬ್ದ ಕಾವ್ಯದಲ್ಲಿ ಎಲ್ಲಿ ಬಂದಿದೆ, ಗಾದೆಯಲ್ಲಿ ಹೇಗೆ ಬರುತ್ತದೆ ಅಂತ ಕೂಡಿಸಿ ಇಟ್ಟಿದ್ದಾನೆ. ಕಿಟೆಲ್ ನಮ್ಮ ಭಾಷೆಗೆ ಮಾಡಿದ್ದನ್ನು ನೀನು ಅವರ ಭಾಷೆಗೆ ಒಂದು ನೋಟ್‌ಬುಕ್‌ನಲ್ಲಿ ಮಾಡು.

ಇನ್ನು ಡಿಕ್ಷನರಿ. ಮೊದಲ ಓದು ಮುಗಿದ ಮೇಲೆ, ಆರಿಸಿದ ಶಬ್ದಗಳಿಗೆ ಮಾತ್ರ. ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್–ಇಂಗ್ಲಿಷ್ ಡಿಕ್ಷನರಿ ಮೊದಲು, ಅದರಲ್ಲಿ ಸುಲಭ ಇಂಗ್ಲಿಷ್‌ನಲ್ಲಿ ವಿವರಣೆಯೂ ಉದಾಹರಣೆಯೂ ಇರುತ್ತವೆ. ಆಮೇಲೂ ಮನಸ್ಸಿಗೆ ಕೂಡದಿದ್ದರೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು. ಮೊಬೈಲ್‌ನಲ್ಲಿ ಇಡೀ ಪುಟವನ್ನು ಅನುವಾದ ಮಾಡಿಸಿ ಓದುವುದನ್ನು ಮಾತ್ರ ಮಾಡಬೇಡ, ಜೋ ಮಾತು ಅಲ್ಲಿ ಪೂರಾ ಕೆಟ್ಟುಹೋಗುತ್ತದೆ.

ಶನಿವಾರದ ಟೆಸ್ಟ್‌ಗೆ ಏನು ಮಾಡುವುದು? ಅದು ತಪ್ಪಿದ್ದಲ್ಲ. ಪಟ್ಟಿ ಸಿಕ್ಕ ದಿನವೇ ಆ ಶಬ್ದಗಳು ಅಧ್ಯಾಯದಲ್ಲಿ ಎಲ್ಲಿವೆ ಅಂತ ಹುಡುಕಿ ಗುರುತು ಹಾಕು, ಆ ಸಾಲಿನ ಜೊತೆಗೇ ನೆನಪಿಟ್ಟುಕೋ. ದಿನಕ್ಕೆ ಐದೈದು ನೋಡು, ಶುಕ್ರವಾರ ರಾತ್ರಿ ಎಲ್ಲವನ್ನೂ ಒಟ್ಟಿಗೆ ಕಂಠಪಾಠ ಮಾಡಲು ಕೂರಬೇಡ. ನಿಮ್ಮ ಮೇಡಂ ಹತ್ತಿರ ಹೋಗಿ ಒಂದು ಮಾತು ಕೇಳಿ ನೋಡು, ಟೆಸ್ಟ್‌ನಲ್ಲಿ ಬಿಡಿ ಶಬ್ದ ಕೊಡುವ ಬದಲು ಪುಸ್ತಕದ ಸಾಲನ್ನೇ ಕೊಟ್ಟು ಅರ್ಥ ಕೇಳಬಹುದಾ ಅಂತ. ಕೇಳುವುದರಲ್ಲಿ ಹೆದರಿಕೆ ಬೇಡ. ಒಳ್ಳೆಯ ಶಿಕ್ಷಕರಿಗೆ ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿ ಸಿಕ್ಕರೆ ಸಂತೋಷವೇ ಆಗುತ್ತದೆ.

ಕಥೆಯ ಬಗ್ಗೆ ಮಾತಾಡುವಾಗ ಕನ್ನಡದಲ್ಲಿ ಮಾತಾಡು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಗ್ಲಿಷ್ ಆಪ್ಶನಲ್ ಅಂದಮೇಲೆ ಕನ್ನಡ ಬಾಯಿಗೆ ಬರಬಾರದು ಅನ್ನುವ ಗಾಳಿ ಕೆಲವು ಕಡೆ ಬೀಸುತ್ತಿದೆ. ನಮ್ಮ ಈ ಭಾಗದ ಇಂಗ್ಲಿಷ್ ಮೇಷ್ಟ್ರುಗಳ ಪರಂಪರೆಯೇ ಬೇರೆ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಜ್ಞಾನಪೀಠ ಬಂದಿದ್ದು ಕನ್ನಡದ ಬರಹಕ್ಕೆ. ನಿಮ್ಮ ಗದಗಿನ ಕೀರ್ತಿನಾಥ ಕುರ್ತಕೋಟಿ ಇಂಗ್ಲಿಷ್ ಕಲಿಸುತ್ತಿದ್ದರು, ಬರೆದದ್ದು ಕನ್ನಡದ ದೊಡ್ಡ ವಿಮರ್ಶೆ. ಪಿಪ್ ಮಾಡಿದ್ದು ಸರಿಯಾ, ಎಸ್ಟೆಲ್ಲಾ ಯಾಕೆ ಹಾಗೆ, ಹ್ಯಾವಿಶಮ್ ಮೇಲೆ ಸಿಟ್ಟು ಬರಬೇಕಾ ಕನಿಕರ ಬರಬೇಕಾ, ಇದನ್ನೆಲ್ಲ ರೂಮಿನಲ್ಲಿ ಊಟ ಮಾಡುತ್ತ ನಮ್ಮ ಮಾತಿನಲ್ಲೇ ಜಗಳಾಡು. ವಿಚಾರ ಕನ್ನಡದಲ್ಲಿ ಗಟ್ಟಿಯಾದರೆ ಪರೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯ ಸಣ್ಣದಿದ್ದರೂ ಅದರಲ್ಲಿ ತಿರುಳಿರುತ್ತದೆ. ಗೈಡಿನ ಉದ್ದುದ್ದ ವಾಕ್ಯ ಇಳಿಸಿದವರ ಉತ್ತರ ಮತ್ತು ಸಣ್ಣ ಸಣ್ಣ ವಾಕ್ಯಗಳಲ್ಲಿ ತನ್ನದೇ ಮಾತು ಬರೆದವರ ಉತ್ತರ, ಇವೆರಡರ ವ್ಯತ್ಯಾಸ ಪೇಪರ್ ತಿದ್ದುವವರಿಗೆ ಮೊದಲ ನಾಲ್ಕು ಸಾಲಿನಲ್ಲೇ ಗೊತ್ತಾಗುತ್ತದೆ.

ಕೊನೆಗೆ ಉಚ್ಚಾರ. ಕ್ಲಾಸಿನಲ್ಲಿ ನಗುವುದಕ್ಕೆ ಔಷಧಿ ಅಂದರೆ ಮೊದಲೇ ಕೇಳಿಕೊಂಡು ಹೋಗುವುದು. ಡಿಕನ್ಸ್ 1870ರಲ್ಲಿ ತೀರಿಕೊಂಡ, ಅವನ ಪುಸ್ತಕಗಳಿಗೆ ಈಗ ಕಾಪಿರೈಟ್ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇಡೀ ಕಾದಂಬರಿ ಪುಕ್ಕಟೆ ಸಿಗುತ್ತದೆ, ಲಿಬ್ರಿವಾಕ್ಸ್‌ನಲ್ಲಿ ಅದನ್ನು ಓದಿದ ಆಡಿಯೊ ಕೂಡ ಪುಕ್ಕಟೆ. ಒಂದು ಅಧ್ಯಾಯ ಕೇಳುತ್ತ ಪುಸ್ತಕದ ಮೇಲೆ ಬೆರಳು ಇಟ್ಟುಕೊಂಡು ಸಾಗು, ಆಮೇಲೆ ಅದರ ಒಂದೇ ಒಂದು ಪ್ಯಾರಾ ನೀನು ಗಟ್ಟಿಯಾಗಿ ಓದು, ಹೆಸರುಗಳನ್ನು ಮಾತ್ರ ಎರಡೆರಡು ಸಲ ಹೇಳು. ಇಂಗ್ಲೆಂಡಿನವರ ಹಾಗೆ ಓದಬೇಕು ಅಂತ ಹಟ ಬೇಡ. ಎದುರಿನವರಿಗೆ ತಿಳಿಯುವಂತೆ, ಅವಸರ ಇಲ್ಲದೆ, ವಿರಾಮ ಇರುವಲ್ಲಿ ನಿಂತು ಓದಿದರೆ ಸಾಕು. ಮುಂದಿನ ಸಲ ಎದ್ದು ನಿಲ್ಲಿಸಿದರೆ ಜೋ ಮಾತು ಬರುವ ಪುಟವನ್ನು ಓದುತ್ತೇನೆ ಅಂತ ನೀನೇ ಕೇಳಿ ತಗೋ. ಆ ಕಂಬಾರನ ಮಾತನ್ನು ಕ್ಲಾಸಿನಲ್ಲಿ ನಿನಗಿಂತ ಚೆನ್ನಾಗಿ ಓದುವವರು ಸಿಗುವುದು ಕಷ್ಟ.